ಪ್ಯಾಚ್ ಚಿಕ್ಕದಿರಲಿ, ಕಾರಣ ಜೊತೆಗಿರಲಿ

ಹಲವರು ಸೇರಿ ಬರೆಯುವ ತಂತ್ರಾಂಶಕ್ಕೆ ಅವರವರ ತಿದ್ದುಪಡಿಗಳನ್ನು, ಅಂದರೆ ಪ್ಯಾಚ್‌ಗಳನ್ನು, ಕೂಡಿಸುವುದು ಬರೀ ಗುಮಾಸ್ತಿಕೆಯೆಂದು ಭಾವಿಸುವವರು ಬಹಳ. ಲಿನಕ್ಸ್ ಕರ್ನಲ್‌ನ ಇತಿಹಾಸ ಇದನ್ನು ಒಪ್ಪುವುದಿಲ್ಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಆರಂಭಿಸಿದ ಮೇಲೆ ಸುಮಾರು ಹತ್ತು ವರ್ಷ ಪ್ಯಾಚ್‌ಗಳು ಇಮೇಲಿನಲ್ಲಿ ಬರುತ್ತಿದ್ದವು, ಅವರು ಓದಿ ಸೇರಿಸುತ್ತಿದ್ದರು. 2002ರಲ್ಲಿ ಆ ಕೆಲಸಕ್ಕೆ ಬಿಟ್‌ಕೀಪರ್ ಎಂಬ ಉಪಕರಣ ಬಂತು. 2005ರಲ್ಲಿ ಅದರ ಉಚಿತ ಬಳಕೆಗೆ ತಡೆ ಬಿದ್ದಾಗ ಟೊರ್ವಾಲ್ಡ್ಸ್ ಅದರ ಬದಲಿಗೆ ಗಿಟ್ ಎಂಬ ಉಪಕರಣವನ್ನೇ ಬರೆದರು. ಉಪಕರಣಗಳು ಬಂದುಹೋದರೂ ಆ ಬಳಗದ ಶಿಸ್ತು ಉಳಿದಿದೆ: ಒಂದು ಪ್ಯಾಚ್‌ನಲ್ಲಿ ಒಂದೇ ಬದಲಾವಣೆ ಇರಬೇಕು, ಅದು ಏಕೆ ಬೇಕಾಯಿತು ಎಂಬ ವಿವರಣೆ ಇರಬೇಕು, ಕಳಿಸಿದವರ ಸಹಿ ಇರಬೇಕು. ನಮ್ಮಲ್ಲಿ ಗಿಟ್ ಎಲ್ಲೆಡೆ ಬಂದಿದೆ, ಈ ಶಿಸ್ತು ಬಂದಿಲ್ಲವೆಂಬುದೇ ನನ್ನ ಕಳವಳ.

ಗಿಟ್ ಇರುವಾಗ ವಿವರಣೆಯೇಕೆ ಎನ್ನಬಹುದು. ಗಿಟ್ ಹೋಲಿಸುವುದು ಸಾಲುಗಳನ್ನು, ಅರ್ಥವನ್ನಲ್ಲ. ಒಬ್ಬರು ಒಂದು ಫಂಕ್ಷನ್ ರೂಪಾಯಿಯ ಬದಲು ಪೈಸೆಯಲ್ಲಿ ಲೆಕ್ಕ ಕೊಡುವಂತೆ ತಿದ್ದುತ್ತಾರೆ. ಅದೇ ಹೊತ್ತಿಗೆ ಇನ್ನೊಬ್ಬರು ಬೇರೊಂದು ಕಡತದಲ್ಲಿ ಅದನ್ನು ರೂಪಾಯಿಯೆಂದೇ ನಂಬಿ ಬಳಸುತ್ತಾರೆ. ಎರಡೂ ಯಾವ ತಕರಾರಿಲ್ಲದೆ ಮರ್ಜ್ ಆಗುತ್ತವೆ, ಬಿಲ್ಲಿನಲ್ಲಿ ಮೊತ್ತ ನೂರು ಪಟ್ಟಾಗುತ್ತದೆ. ಪರೀಕ್ಷೆಗಳು ಇದನ್ನು ಹಿಡಿಯಬಹುದು ನಿಜ, ಆದರೆ ಯಾರೋ ಮೊದಲೇ ಊಹಿಸಿ ಪರೀಕ್ಷೆ ಬರೆದಿದ್ದರೆ ಮಾತ್ರ. ಇಲ್ಲದಿದ್ದರೆ ಕೂಡಿಸುವವರಿಗೆ ದಿಕ್ಕು ಆ ವಿವರಣೆಯೇ.

ಚಿಕ್ಕ ಚಿಕ್ಕದಾಗಿ ಒಡೆದರೆ ಸಮಯ ಹಾಳು ಎಂಬ ಆಕ್ಷೇಪ ಇನ್ನೂ ಗಟ್ಟಿ, ಗಡುವು ಹತ್ತಿರವಿರುವಾಗಂತೂ ಹಾಗೆ ಅನಿಸುವುದು ಸಹಜ. ಆದರೆ ದೋಷ ಕಂಡ ದಿನ ಲೆಕ್ಕ ತಿರುಗುತ್ತದೆ. ಗಿಟ್‌ನ ಬೈಸೆಕ್ಟ್ ಆಜ್ಞೆ ಪ್ರತಿ ಸಲ ಅರ್ಧಭಾಗವನ್ನು ತಳ್ಳಿಹಾಕುವುದರಿಂದ ಸಾವಿರ ಬದಲಾವಣೆಗಳ ನಡುವಿನ ತಪ್ಪು ಸುಮಾರು ಹತ್ತು ಪರೀಕ್ಷೆಗಳಲ್ಲಿ ಸಿಗುತ್ತದೆ. ಸಿಕ್ಕಿದ್ದು ಇಪ್ಪತ್ತು ಸಾಲಿನ ಪ್ಯಾಚ್ ಆದರೆ ಕೆಲಸ ಮುಗಿದಂತೆ. ‘ಅಪ್‌ಡೇಟ್’ ಎಂಬ ಹೆಸರಿನ ಐದು ಸಾವಿರ ಸಾಲಿನ ಗಂಟಾದರೆ ಹುಡುಕಾಟ ಆಗಷ್ಟೇ ಶುರು. ಈಗ ಯಂತ್ರವೇ ಕೋಡ್ ಬರೆದುಕೊಡುವುದರಿಂದ ಗಂಟುಗಳು ಇನ್ನೂ ಸಲೀಸಾಗಿ ದಪ್ಪವಾಗುತ್ತವೆ, ಓದಿ ಒಪ್ಪಬೇಕಾದವರು ಮಾತ್ರ ಮನುಷ್ಯರೇ.

ಈ ಅಭ್ಯಾಸ ಕೆಲಸಕ್ಕೆ ಸೇರಿದ ಮೇಲೆ ಬರುವುದು ಕಷ್ಟ. ಇಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಂಕ ಕೊಡುವಾಗ ಓಡುವ ಪ್ರೋಗ್ರಾಂ ಒಂದನ್ನೇ ನೋಡದೆ, ಅದರ ಗಿಟ್ ಲಾಗ್ ತೆರೆದು ಓದಿ, ಅದಕ್ಕೂ ಅಂಕ ಕೊಡಲಿ.