ಗೇಟು ನೆಲಕ್ಕೆ ಉಜ್ಜುತ್ತಿದೆಯೇ? ಮಳೆ ಹಿಡಿಯೋ ಮೊದಲು ಮೇಲಿನ ಹಿಂಜಸ್ ನೋಡಿ

ಅರಸೀಕೆರೆ/ಬೇಲೂರು: ಮೇ ಕೊನೆಗೆ ಶಾಲೆಗಳು ಶುರು, ಅದರ ಬೆನ್ನಿಗೇ ಮುಂಗಾರು. ಶಾಲೆಗಳಲ್ಲಿ ಕಸ ಗುಡಿಸಿ, ತಳಿರು ತೋರಣ ಕಟ್ಟಿ ಮಕ್ಕಳನ್ನು ಬರಮಾಡಿಕೊಳ್ಳುವ ಹೊತ್ತು ಇದು. ಸೋರುವ ಹೆಂಚು, ಬಿರುಕು ಬಿಟ್ಟ ಗೋಡೆ ಎಲ್ಲರ ಕಣ್ಣಿಗೂ ಬೀಳುತ್ತೆ. ಆದರೆ ಮಕ್ಕಳು ದಿನಾ ಮೊದಲು ಕೈಯಿಡೋ ಗೇಟನ್ನು ಯಾರೂ ನೋಡಲ್ಲ.

ನೆಲಕ್ಕೆ ಉಜ್ಜುವ ಗೇಟು, ಎತ್ತಿ ನೂಕಿದರೆ ಮಾತ್ರ ಮುಚ್ಚುವ ಗೇಟು, ಚಿಲಕ ಕೂರದೆ ಸರಪಳಿ ಸುತ್ತಿ ಬೀಗ ಹಾಕಿದ ಗೇಟು ಯಾವ ಊರಿನಲ್ಲೂ ಹೊಸದಲ್ಲ. ‘ಗೇಟು ಕೂತಿದೆ’ ಅಂತ ಹೇಳಿ ಅದಕ್ಕೇ ಒಗ್ಗಿಕೊಳ್ಳೋದು ರೂಢಿ. ಆದರೆ ಗೇಟು ಕೂತಿದೆ ಅಂದ್ರೆ ಅದರ ಭಾರ ಎಲ್ಲೋ ತಪ್ಪಾದ ಕಡೆ ಬೀಳುತ್ತಿದೆ ಅಂತಲೇ ಅರ್ಥ. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಲ್ಲೇಶ್ವರದ ಪಾಲಿಕೆ ಆಟದ ಮೈದಾನದಲ್ಲಿ ಕಬ್ಬಿಣದ ಗೇಟು ಮೈಮೇಲೆ ಬಿದ್ದು 10 ವರ್ಷದ ಬಾಲಕ ಪ್ರಾಣ ಬಿಟ್ಟ. ಆಡೋಕೆ ಬಂದಿದ್ದ ಮಗು ಅದು. ಗೇಟು ಬೀಳೋ ವಸ್ತು ಅಂತ ಯಾರೂ ಅಂದುಕೊಂಡಿರೋದಿಲ್ಲ, ಅಪಾಯ ಇರೋದೇ ಅಲ್ಲಿ.

ಭಾರದ ಲೆಕ್ಕ

10 ಅಡಿ ಅಗಲದ ಒಂಟಿ ಕದದ ಗೇಟು, ತೂಕ 150 ಕೆ.ಜಿ. ಅಂತಿಟ್ಟುಕೊಳ್ಳಿ. ಮೇಲಿನ ಮತ್ತು ಕೆಳಗಿನ ಹಿಂಜಸ್ ನಡುವೆ 4 ಅಡಿ ಅಂತರ. ಗೇಟಿನ ಭಾರದ ನಡುಬಿಂದು ಕಂಬದಿಂದ 5 ಅಡಿ ಆಚೆ ಇರುತ್ತೆ. 150ನ್ನು 5ರಿಂದ ಗುಣಿಸಿ 4ರಿಂದ ಭಾಗಿಸಿದರೆ 187 ಕೆ.ಜಿ. ದಾಟುತ್ತೆ. ಅಂದ್ರೆ ಮೇಲಿನ ಹಿಂಜಸ್ ಹಗಲೂ ರಾತ್ರಿ ಅಷ್ಟು ಬಲದಲ್ಲಿ ಕಂಬವನ್ನು ಗೇಟಿನ ಕಡೆಗೆ ಎಳೆಯುತ್ತಿರುತ್ತೆ. ತುದಿಯಲ್ಲಿ ಇಬ್ಬರು ಮಕ್ಕಳು ಜೋತಾಡಿದರೆ ಎಳೆತ ಇನ್ನೂ ಜಾಸ್ತಿ.

ಅದೇ ಗೇಟನ್ನು 5 ಅಡಿಯ ಎರಡು ಕದ ಮಾಡಿದರೆ ಒಂದೊಂದು ಕದ 75 ಕೆ.ಜಿ. ಆಗ ಒಂದು ಕಂಬದ ಮೇಲಿನ ಎಳೆತ ಸುಮಾರು 47 ಕೆ.ಜಿ., ಮೊದಲಿನದರ ಕಾಲು ಭಾಗ ಅಷ್ಟೇ. ಅದೇ ಕಬ್ಬಿಣ, ಅದೇ ಅಗಲ.

ಇನ್ನು ಕಂಬದ ಮಾತು. ಮಳೆಗಾಲದಲ್ಲಿ ಬುಡದ ಮಣ್ಣು ಮೆದುವಾಗುತ್ತೆ, ತುಂಬಿಸಿದ ಮಣ್ಣಾದರೆ ಕುಸಿಯುತ್ತೆ. ಅರಸೀಕೆರೆ ಕಡೆ ಕೊಬ್ಬರಿ ಗೋದಾಮುಗಳಲ್ಲಿ ಲಾರಿ ತಿರುಗಿಸುವಾಗ ಕಂಬಕ್ಕೆ ತಾಗೋದೂ ಉಂಟು. ಮೇಲಿನ ಹಿಂಜಸ್ ಬರೀ ಅರ್ಧ ಇಂಚು ಗೇಟಿನ ಕಡೆ ವಾಲಿದರೆ ಸಾಕು, 10 ಅಡಿ ಗೇಟಿನ ತುದಿ ಒಂದೂಕಾಲು ಇಂಚು ಕೆಳಗಿಳಿಯುತ್ತೆ. ಕಂಬ ನೋಡಿದರೆ ನೆಟ್ಟಗೇ ಕಾಣುತ್ತೆ, ಗೇಟು ಮಾತ್ರ ನೆಲ ಕೆರೆಯುತ್ತೆ.

ಬೆಸುಗೆಯೇ ಕಟ್ಟಿಹಾಕೋದು

ನಮ್ಮ ಕಡೆ ಹೆಚ್ಚಿನ ಗೇಟುಗಳ ಹಿಂಜಸ್ ನೇರ ವೆಲ್ಡಿಂಗ್. ಗೇಟು ಕೂರಿಸಿದ ದಿನ ಎಲ್ಲ ಸರಿಯಿರುತ್ತೆ. ಆಮೇಲೆ ಕಂಬ ಸ್ವಲ್ಪ ಅಲುಗಿದರೂ ಸರಿಪಡಿಸೋಕೆ ದಾರಿಯಿಲ್ಲ. ಗೇಟು ಇಳಿಸಬೇಕು, ಹಿಂಜಸ್ ಕತ್ತರಿಸಬೇಕು, ಮತ್ತೆ ವೆಲ್ಡ್ ಮಾಡಿಸಬೇಕು. ವೆಲ್ಡಿಂಗ್‌ನವರನ್ನು ಕರೆಸೋ ತಾಪತ್ರಯ ಯಾಕೆ ಅಂತ ಚಿಲಕದ ತೂತು ದೊಡ್ಡದು ಮಾಡೋದು, ನೆಲ ಅಗೆಯೋದು. ಅಷ್ಟರಲ್ಲಿ ಮೇಲಿನ ಬೆಸುಗೆಯಲ್ಲಿ ತುಕ್ಕು ಹಿಡಿದು ಸೀಳು ಬಿಡುತ್ತೆ. ಬೇಲೂರಿನ ಮಲೆನಾಡು ಭಾಗದ ಮಳೆಗೆ ಇದು ಇನ್ನೂ ಬೇಗ.

ಇದಕ್ಕೆ ಪರಿಹಾರ ಹೊಂದಿಸಬಹುದಾದ ಹಿಂಜಸ್. ಕಂಬಕ್ಕೆ ಗಟ್ಟಿಯಾಗಿ ಕೂರಿಸಿದ ದಪ್ಪ ಪ್ಲೇಟು, ಅದರ ತೂತಿನಲ್ಲಿ ಉದ್ದ ಥ್ರೆಡ್ ಇರುವ ಕಣ್ಣಿನ ಬೋಲ್ಟು, ಪ್ಲೇಟಿನ ಎರಡೂ ಬದಿಗೆ ಒಂದೊಂದು ನಟ್ಟು. ಒಂದು ನಟ್ಟು ಸಡಿಲಿಸಿ ಇನ್ನೊಂದು ಬಿಗಿ ಮಾಡಿದರೆ ಗೇಟಿನ ಮೇಲ್ಭಾಗ ಕಂಬದ ಕಡೆ ಸರಿಯುತ್ತೆ, ತುದಿ ಮೇಲೇಳುತ್ತೆ. 20 ಮಿ.ಮೀ. ಬೋಲ್ಟಿನ ಸಾಮಾನ್ಯ ಥ್ರೆಡ್‌ನಲ್ಲಿ ಒಂದು ಸುತ್ತಿಗೆ ಎರಡೂವರೆ ಮಿ.ಮೀ. ಮೇಲೆ ಹೇಳಿದ ಗೇಟಿನಲ್ಲಿ ಅಷ್ಟಕ್ಕೇ ತುದಿ 6 ಮಿ.ಮೀ.ಗೂ ಹೆಚ್ಚು ಏಳುತ್ತೆ. ಅರ್ಧ ಇಂಚಿನ ವಾಲಿಕೆಗೆ ಐದು ಸುತ್ತು ಸಾಕು. ವೆಲ್ಡಿಂಗ್ ಮಷೀನ್ ಬೇಡ, ಸ್ಪ್ಯಾನರ್ ಇದ್ದರೆ ಆಯ್ತು.

ಇಳಿಜಾರಿನ ಕಾಫಿ ತೋಟಗಳಿಗೆ ಇದರಲ್ಲಿ ಇನ್ನೊಂದು ಅನುಕೂಲ. ಕೆಳಗಿನ ಹಿಂಜಸ್‌ನ ಜಾಗ ಹದವಾಗಿ ಬದಲಿಸಿದರೆ ಗೇಟು ತೆಗೆಯುತ್ತಾ ಹೋದಂತೆ ತುದಿ ಮೇಲೇಳುತ್ತೆ, ಏರಿನ ನೆಲಕ್ಕೆ ತಾಗಲ್ಲ. ಆದರೆ ಅಂಥ ಗೇಟು ಬಿಟ್ಟರೆ ತಾನಾಗೇ ಮುಚ್ಚಿಕೊಳ್ಳುತ್ತೆ, ಆದ್ದರಿಂದ ತೆರೆದಾಗ ಸಿಕ್ಕಿಸೋಕೆ ಕೊಕ್ಕೆ ಇರಲೇಬೇಕು. ಬೇಲೂರು, ಸಕಲೇಶಪುರ, ಆಲೂರು ಭಾಗದ ತೋಟದವರಿಗೆ ಕಾಡಾನೆ ಕಾಟ ಬೇರೆ. ಯಾವ ಹಿಂಜಸ್ಸೂ ಆನೆಯನ್ನು ತಡೆಯಲ್ಲ ನಿಜ. ಆನೆ ಒರಗಿ ಹೋದ ಗೇಟನ್ನು ಮಾತ್ರ ಹಾಗೇ ಬಳಸಬಾರದು, ಬೆಸುಗೆ ನೋಡಿಯೇ ಮುಟ್ಟಬೇಕು.

ಹಳಬರು ಇದನ್ನು ಬೇರೆ ರೀತಿ ಬಗೆಹರಿಸಿದ್ದರು. ಹಳೆಯ ದೇವಸ್ಥಾನ, ಕೋಟೆ, ತೊಟ್ಟಿಮನೆಗಳ ಹೊಸ್ತಿಲಲ್ಲಿ ದುಂಡನೆಯ ಕುಳಿ ಕಾಣುತ್ತೆ. ಭಾರಿ ಮರದ ಬಾಗಿಲು ಆ ಕುಳಿಯಲ್ಲಿ ನಿಂತು ತಿರುಗುತ್ತಿತ್ತು. ಭಾರವೆಲ್ಲ ಕಲ್ಲಿನ ಮೂಲಕ ನೆಲಕ್ಕೆ ಇಳಿಯುತ್ತಿತ್ತು. ಇಂದಿಗೂ ತೀರಾ ಭಾರದ ಗೇಟಿಗೆ ಕೆಳಗೆ ಬೇರಿಂಗ್ ಕೂರಿಸೋದು ಅದೇ ಉಪಾಯ.

ಕೆ.ಜಿ. ಲೆಕ್ಕದ ವ್ಯಾಪಾರ

ಹಾಗಾದ್ರೆ ಹೊಂದಿಸೋ ಹಿಂಜಸ್ ಯಾಕೆ ಎಲ್ಲೆಡೆ ಇಲ್ಲ? ಬೆಲೆ ದೊಡ್ಡ ಕಾರಣವಲ್ಲ, ಗೇಟಿನ ಒಟ್ಟು ಖರ್ಚಿನಲ್ಲಿ ಹಿಂಜಸ್‌ನ ಪಾಲು ಸಣ್ಣದು. ಕಾರಣ ಇರೋದು ವ್ಯಾಪಾರದ ರೀತಿಯಲ್ಲಿ. ಗೇಟು ಸಾಮಾನ್ಯವಾಗಿ ಕೆ.ಜಿ. ಲೆಕ್ಕದಲ್ಲಿ ಮಾರಾಟವಾಗುತ್ತೆ. ಗಿರಾಕಿ ಚೌಕಾಸಿ ಮಾಡೋದು ಕೆ.ಜಿ. ದರಕ್ಕೆ, ಕೇಳೋದು ಡಿಸೈನ್. ಗೇಟು ಭಾರ ಇದ್ದಷ್ಟೂ ಗಟ್ಟಿ ಅನ್ನೋ ನಂಬಿಕೆ ಬೇರೆ. ಆ ಭಾರ ಹೊರೋದು ಯಾವುದು ಅಂತ ಇಬ್ಬರೂ ಮಾತಾಡಲ್ಲ.

ಸರ್ಕಾರಿ ಕಾಮಗಾರಿಯಲ್ಲೂ ಇದೇ ಕಥೆ. ರಾಜ್ಯದ ಎಷ್ಟೋ ಸರ್ಕಾರಿ ಶಾಲೆಗಳಿಗೆ ನರೇಗಾದಡಿ ಕಾಂಪೌಂಡ್ ಬಂದಿದೆ, ಅದು ಒಳ್ಳೆಯ ಕೆಲಸ. ಕಾಂಪೌಂಡ್ ಬಂದಲ್ಲಿ ಗೇಟೂ ಬರುತ್ತೆ. ಅಂದಾಜು ಪಟ್ಟಿಯಲ್ಲಿ ಗೇಟಿನ ಅಳತೆ, ತೂಕದ ಜೊತೆ ಹಿಂಜಸ್ ಯಾವ ಬಗೆಯದು ಅಂತ ಒಂದು ಸಾಲು ಸೇರಿಸೋಕೆ ಹೆಚ್ಚು ಖರ್ಚಿಲ್ಲ. ಆ ಸಾಲು ಇಲ್ಲದಿದ್ದರೆ ಗುತ್ತಿಗೆದಾರರು ಕೈಗೆ ಸಿಕ್ಕಿದ್ದು ಹಾಕಿದರೂ ಬಿಲ್ ತಡೆಯೋಕಾಗಲ್ಲ. ಉದ್ಘಾಟನೆ ಆದಮೇಲೆ ವರ್ಷಕ್ಕೊಮ್ಮೆ ಗೇಟು ನೋಡೋರು ಯಾರು ಅನ್ನೋದನ್ನೂ ಶಾಲಾಭಿವೃದ್ಧಿ ಸಮಿತಿ ಮತ್ತು ಗ್ರಾಮ ಪಂಚಾಯಿತಿ ಕೂತು ತೀರ್ಮಾನಿಸಬೇಕು. ಇಲ್ಲದಿದ್ರೆ ಅದು ಎಲ್ಲರ ಕೆಲಸ, ಅಂದ್ರೆ ಯಾರ ಕೆಲಸವೂ ಅಲ್ಲ.

ಬೇಲೂರು, ಹಳೇಬೀಡಿನ ಲಾಡ್ಜ್, ಪಾರ್ಕಿಂಗ್, ಕಲ್ಯಾಣ ಮಂಟಪದವರಿಗೂ ಈ ಮಾತು ಸಲ್ಲುತ್ತೆ. 2023ರ ಸೆಪ್ಟೆಂಬರ್‌ನಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳ ಸಾಲು. ಗೇಟಿಗೆ ಜೋತುಬೀಳೋದು ಯಾರ ಮನೆ ಮಗುವೋ.

ಹತ್ತು ನಿಮಿಷದ ಪರೀಕ್ಷೆ

ಗೇಟು ಮುಚ್ಚಿ, ಕೆಳಗಿನ ಸಂದನ್ನು ಕಂಬದ ಕಡೆಯೂ ತುದಿಯ ಕಡೆಯೂ ಅಳೆಯಿರಿ. ನೆಲ ಮಟ್ಟಸವಾಗಿದ್ದೂ ತುದಿಯಲ್ಲಿ ಸಂದು ಕಡಿಮೆಯಿದ್ದರೆ ಗೇಟು ಇಳಿದಿದೆ. ಕಂಬದ ಪಕ್ಕ ತೂಕದ ಗುಂಡು ಬಿಟ್ಟು ವಾಲಿಕೆ ನೋಡಿ. ತುದಿ ಹಿಡಿದು ಮೆಲ್ಲಗೆ ಎತ್ತಿ, ಹಿಂಜಸ್ ಕುಣಿದರೆ ಸವೆದಿದೆ ಅಂತ. ಮೇಲಿನ ಬೆಸುಗೆಯ ಸುತ್ತ ಬಣ್ಣ ಸೀಳಿ ತುಕ್ಕಿನ ಗೆರೆ ಕಂಡರೆ ಅವತ್ತೇ ಗೇಟು ಬಳಸೋದು ನಿಲ್ಲಿಸಿ, ಮಕ್ಕಳನ್ನು ದೂರ ಇಡಿ.

ನಟ್ಟು ಸಡಿಲಿಸೋ ಮುನ್ನ ಗೇಟಿನ ತುದಿಗೆ ಮರದ ದಿಮ್ಮಿ ಕೊಡಲೇಬೇಕು, ಜೊತೆಗೆ ಇನ್ನೊಬ್ಬರು ಹಿಡಿದಿರಬೇಕು. ಹೊಸ ಗೇಟಾದರೆ ಕೆಳಗಿನ ಪಿನ್ ಮೇಲ್ಮುಖ, ಮೇಲಿನ ಪಿನ್ ಕೆಳಮುಖ ಹಾಕಿಸಿ. ಆಗ ಗೇಟು ಎತ್ತಿದರೂ ಕಳಚಿ ಬರಲ್ಲ. ಬೆಸುಗೆ ಬಿಟ್ಟರೂ ಗೇಟು ಹಿಡಿದು ನಿಲ್ಲಿಸೋಕೆ ಕಂಬಕ್ಕೊಂದು ಗಟ್ಟಿ ಸರಪಳಿ ಇರಲಿ.

ಇಷ್ಟಾಗಿಯೂ ಹೊಂದಿಸೋ ಹಿಂಜಸ್‌ಗೆ ಒಂದು ಮಿತಿ ಇದೆ. ಪ್ರತಿ ವರ್ಷ ಸುತ್ತುತ್ತಾ ಹೋಗಿ ಥ್ರೆಡ್ ಮುಗಿದರೆ ತೊಂದರೆ ಇರೋದು ಹಿಂಜಸ್‌ನಲ್ಲಲ್ಲ, ಕಂಬದ ಬುಡದಲ್ಲಿ. ಆಗ ಸ್ಪ್ಯಾನರ್ ಬದಿಗಿಟ್ಟು ಪಾಯ ಅಗೆಯಬೇಕು. ಶಾಲೆಗೆ ತೋರಣ ಕಟ್ಟೋಕೆ ಏಣಿ ಹತ್ತಿದವರು ಅದೇ ಏಣಿಯಿಂದ ಮೇಲಿನ ಹಿಂಜಸ್ ಒಮ್ಮೆ ನೋಡಿ ಇಳಿದರೆ ಈ ವರ್ಷದ ಕೆಲಸ ಶುರುವಾದ ಹಾಗೆ.