ದಿಕ್ಕು ಬದಲಿಸುವ ಹಾದಿ

ಒಂದೇ ಹಾದಿಯು ಬೆಳಿಗ್ಗೆ ಒಂದು ದಿಕ್ಕಿಗೂ ಸಂಜೆ ಅದರ ಎದುರು ದಿಕ್ಕಿಗೂ ಸಲ್ಲುವುದೆಂದರೆ ವಾಚಕರಲ್ಲಿ ಕೆಲವರು ನಗಬಹುದು. ಆದರೆ ಪರದೇಶದ ನಗರಗಳಲ್ಲಿ ಇಂತಹ ಹಾದಿಗಳುಂಟು. ನಮ್ಮ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ನೆಲಸಿ ತಾವೇ ಕಾರು ನಡೆಸುತ್ತಿರುವುದರಿಂದ ಈ ವಿಷಯವು ನಮಗೆ ಹೊರಗಿನದಲ್ಲ.

ಕೆನಡಾ ದೇಶದ ವ್ಯಾಂಕೂವರಿನಲ್ಲಿ 1938ರಲ್ಲಿ ತೆರೆದ ಲಯನ್ಸ್ ಗೇಟ್ ಎಂಬ ತೂಗುಸೇತುವೆಯಿದೆ. ಅದರ ಮೇಲೆ ವಾಹನಗಳಿಗೆ ಇರುವುದು ಮೂರೇ ಸಾಲುಗಳು. ಇವಕ್ಕೆ ಲೇನುಗಳೆಂದು ಹೆಸರು. ಅಂಚಿನ ಎರಡು ಲೇನುಗಳ ದಿಕ್ಕು ನಿಯತವಾದುದು. ನಡುವಣ ಲೇನು ಮಾತ್ರ ವಾಹನಗಳ ಒತ್ತಡವು ಯಾವ ಕಡೆಗೆ ಹೆಚ್ಚೋ ಆ ಕಡೆಗೆ ಸಲ್ಲುತ್ತದೆ. ಸೇತುವೆಯನ್ನು ಅಗಲಿಸದೆಯೇ ಅಗಲಿಸಿದ ಫಲವು ಇದರಿಂದ ದೊರೆಯುವುದು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1972ರಲ್ಲಿ ತೆರೆದ ಆಸ್ಟನ್ ಎಕ್ಸ್‌ಪ್ರೆಸ್‌ವೇಯಲ್ಲಿ ಏಳು ಲೇನುಗಳಿವೆ; ನಡುವೆ ಗೋಡೆಯಿಲ್ಲ. ಕೆಲಸದ ದಿನಗಳ ಬೆಳಿಗ್ಗೆ ನಗರದೊಳಕ್ಕೆ ನಾಲ್ಕು, ಹೊರಕ್ಕೆ ಎರಡು; ಸಂಜೆ ಇದು ತಿರುಗುಮುರುಗು. ಉಳಿದ ಒಂದನ್ನು ಎರಡು ಪ್ರವಾಹಗಳ ನಡುವೆ ಬರಿದಾಗಿ ಬಿಡುವರು. ಅದು ವ್ಯರ್ಥವಲ್ಲ, ಆ ಬರಿದು ಲೇನೇ ಅಲ್ಲಿ ಗೋಡೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಮೇಲೆ ಹಿಂದೆ ಕೆಲಸಗಾರರು ಪ್ಲಾಸ್ಟಿಕ್ ಗೂಟಗಳನ್ನು ಕೈಯಿಂದ ನೆಟ್ಟು ಕೀಳುತ್ತಿದ್ದರು. 2015ರಿಂದ ಯಂತ್ರವೊಂದು ತಡೆಗೋಡೆಯನ್ನೇ ಪಕ್ಕಕ್ಕೆ ಸರಿಸುತ್ತದೆ.

ಗೋಡೆಯಿಲ್ಲದ ಕಡೆ ಚಾಲಕನನ್ನು ಕಾಯುವುದು ತಲೆಯ ಮೇಲಿನ ದೀಪಗಳು. ಕೆಳಮುಖವಾದ ಹಸಿರು ಬಾಣವಿದ್ದರೆ ಆ ಲೇನು ನಮ್ಮದು. ಕೆಂಪು ಗುಣಾಕಾರದ ಗುರುತಿದ್ದರೆ, ಎಷ್ಟೇ ಬರಿದಾಗಿ ಕಂಡರೂ, ಅದು ನಮ್ಮದಲ್ಲ. ಅಮೆರಿಕದಲ್ಲಿ ಹಳದಿ ಗುಣಾಕಾರದ ಗುರುತು ಕಂಡರೆ ದಿಕ್ಕು ಬದಲಾಗಲಿದೆಯೆಂದು ಅರ್ಥ. ಕನ್ನಡಿ ನೋಡಿ, ಸೂಚನೆ ಕೊಟ್ಟು, ನಿಧಾನವಾಗಿ ಆ ಲೇನನ್ನು ಬಿಡತಕ್ಕದ್ದು. ಅಲ್ಲಿ ಇಂತಹ ಲೇನಿನ ಎರಡು ಪಕ್ಕದಲ್ಲಿಯೂ ತುಂಡು ತುಂಡಾದ ಜೋಡಿ ಹಳದಿ ಗೆರೆಗಳಿರುವುವು. ಸಂದೇಹ ಬಂದಲ್ಲಿ ಅಂಚಿನ ಲೇನನ್ನು ಹಿಡಿಯುವುದೇ ಲೇಸು: ಇಂಗ್ಲೆಂಡಿನಲ್ಲಿ ಎಡದ ಅಂಚು, ಅಮೆರಿಕ ಕೆನಡಾಗಳಲ್ಲಿ ಬಲದ ಅಂಚು.

ಇಲ್ಲಿ ಹೊಸಬನಿಗಿಂತ ಹಳಬನಿಗೇ ಹೆಚ್ಚಿನ ಎಚ್ಚರ ಬೇಕು. ಹೊಸಬನು ಅಂಜಿ ಮೇಲೆ ನೋಡುವನು. ಹಳಬನು ರೂಢಿಯನ್ನು ನಂಬಿ ನುಗ್ಗುವನು. ನಮ್ಮ ನ್ಯಾಯಶಾಸ್ತ್ರವು ಪ್ರತ್ಯಕ್ಷವನ್ನು ಪ್ರಮಾಣಗಳಲ್ಲಿ ಎಣಿಸುತ್ತದೆ, ಸ್ಮೃತಿಯನ್ನು ಎಣಿಸುವುದಿಲ್ಲ. "ನಿನ್ನೆ ಇದೇ ಹೊತ್ತಿಗೆ ಇದೇ ಲೇನಿನಲ್ಲಿ ಹೋದೆನು" ಎಂಬುದು ಸ್ಮೃತಿ. ಈಗ ಮೇಲೆ ಉರಿಯುತ್ತಿರುವ ದೀಪವು ಪ್ರತ್ಯಕ್ಷ. ಅಪಘಾತವೋ ದುರಸ್ತಿಯೋ ಒದಗಿದರೆ ನಿನ್ನೆಯ ಏರ್ಪಾಡು ಇಂದು ಇರದು. ಮುಂದಿನ ಕಾರನ್ನು ಅನುಸರಿಸುವುದೂ ಸಲ್ಲದು. ತಪ್ಪಿದವನ ಹಿಂದೆ ಹೋದವನೂ ತಪ್ಪಿದವನೇ. ಎದುರುಬದುರಾದ ಎರಡು ವಾಹನಗಳ ವೇಗಗಳು ಒಂದಕ್ಕೊಂದು ಕೂಡಿಕೊಳ್ಳುವುದರಿಂದ ತಿದ್ದಿಕೊಳ್ಳಲು ಅವಕಾಶ ಸಿಕ್ಕದು.

ಮನೆಯಲ್ಲಿರುವ ನಮ್ಮಿಂದಲೂ ಒಂದು ಸಹಾಯವಾಗಬಹುದು. ದೂರವಾಣಿಯಲ್ಲಿ ಮಾತನಾಡುವಾಗ ಮಗನೋ ಮಗಳೋ ಕಾರು ನಡೆಸುತ್ತಿರುವುದು ತಿಳಿದೊಡನೆ "ಮನೆ ಸೇರಿದ ಮೇಲೆ ಮಾತಾಡಪ್ಪ" ಎಂದು ನಿಲ್ಲಿಸೋಣ. ಮೇಲೆ ನೋಡಬೇಕಾದ ಕಣ್ಣಿಗೆ ನಮ್ಮ ಮಾತು ಅಡ್ಡಬರದಿರಲಿ.