ಬೀಗಕ್ಕೆ ಕೈಯೋ, ಕಿವಿಯೋ?

ಸೇಡಂನಲ್ಲಿ ರೈಲು ಹತ್ತಿದವರಿಗೆ ತಾಂಡೂರು ದೂರದ ಊರೇನಲ್ಲ. ಕೈಯಲ್ಲಿರುವ ಶೇಂಗಾ ಪೊಟ್ಟಣ ಖಾಲಿಯಾಗುವಷ್ಟರಲ್ಲಿ ತೆಲಂಗಾಣ ಬಂದಿರುತ್ತದೆ. ಅಷ್ಟರಲ್ಲೇ ಒಂದು ವಿಚಿತ್ರ ನಡೆದುಹೋಗಿರುತ್ತದೆ. ಬೀಗಕ್ಕೆ ಇದ್ದ ಕೈ ಮಾಯವಾಗಿ ಕಿವಿ ಮೂಡಿರುತ್ತದೆ! ಕನ್ನಡ ಪಠ್ಯಪುಸ್ತಕದ ‘ಬೀಗದ ಕೈ’ ತಾಂಡೂರಿನ ಅಂಗಡಿಯಲ್ಲಿ ‘ತಾಳಂಚೆವಿ’. ತೆಲುಗಿನಲ್ಲಿ ತಾಳಂ ಎಂದರೆ ಬೀಗ, ಚೆವಿ ಎಂದರೆ ಕಿವಿ. ವಸ್ತು ಒಂದೇ, ಬೆರಳುದ್ದದ ಲೋಹದ ತುಂಡು. ಒಬ್ಬರಿಗೆ ಅದು ಬೀಗದ ಕೈಯಾಗಿ ಕಂಡರೆ ಇನ್ನೊಬ್ಬರಿಗೆ ಕಿವಿಯಾಗಿ ಕೇಳಿಸಿತು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆಗಳಲ್ಲಿ ಈ ಪುಟ್ಟ ವಸ್ತುವಿಗೆ ಇರುವಷ್ಟು ಹೆಸರು ಮನೆಯ ಮಕ್ಕಳಿಗೂ ಇರಲಿಕ್ಕಿಲ್ಲ. ಕೀಲಿಕೈ, ಚಾವಿ, ಚಾಬಿ, ಕುಂಜಿ, ಕಿಲ್ಲಿ, ತಾಳಂಚೆವಿ. ಸ್ಕೂಟರು ಇದ್ದವರ ಮನೆಯಲ್ಲಿ ಬರೀ ‘ಕೀ’. ಬೀಗಕ್ಕೂ ಹಾಗೆಯೇ: ಕೀಲಿ, ತಾಲಾ, ಕುಲೂಪ, ತಾಳಂ, ಬೀಗ. ಕನ್ನಡ, ಉರ್ದು, ತೆಲುಗು, ಮರಾಠಿ ನಾಲ್ಕೂ ಒಂದೇ ಓಣಿಯಲ್ಲಿ ನೀರು ತುಂಬುವ ಸೀಮೆ ಇದು. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ಆಡಳಿತದಲ್ಲಿತ್ತು. ಕಚೇರಿಯ ಭಾಷೆ ಉರ್ದು. ಮುಂಬೈ ಕಡೆಯ ರೈಲು ಹಳಿ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ಸಿಕಂದರಾಬಾದಿನ ಹಳಿ ವಾಡಿಗೆ ಬಂದು ಕೂಡಿಕೊಂಡಿತು. ಅಂದಿನಿಂದ ವಾಡಿಯಲ್ಲಿ ಇಳಿದು ಹತ್ತಿದವರ ಟ್ರಂಕುಗಳಿಗೆ ಎಷ್ಟು ಭಾಷೆಯ ಬೀಗಗಳಿದ್ದವೋ ಲೆಕ್ಕವಿಟ್ಟವರಿಲ್ಲ.

ಇದರಲ್ಲಿ ಒಂದು ಪೇಚೂ ಇದೆ. ಉತ್ತರ ಕರ್ನಾಟಕದಲ್ಲಿ ‘ಕೀಲಿ’ ಎಂದರೆ ಬೀಗ. ‘ಬಾಗಲಿಗಿ ಕೀಲಿ ಹಾಕಿ ಚಾವಿ ಮಾಡದಾಗ ಇಡು’ ಎಂದರೆ ಯಾರಿಗೂ ಗೊಂದಲವಿಲ್ಲ. ಆದರೆ ಮರಾಠಿಯಲ್ಲಿ ‘ಕಿಲ್ಲಿ’ ಎಂದರೆ ಬೀಗವಲ್ಲ, ಬೀಗದ ಕೈ. ಸೊಲ್ಲಾಪುರದಿಂದ ಬಂದ ಅಜ್ಜಿ ‘ಕಿಲ್ಲೀ ಆಣ್’ ಎಂದಳೆನ್ನಿ. ವಾಡಿಯ ಮೊಮ್ಮಗ ಓಡಿಹೋಗಿ ತಂದು ಕೊಡುವುದು ಏನನ್ನು? ಬೀಗವನ್ನು! ಅಜ್ಜಿ ನಗುತ್ತಾಳೆ, ಮೊಮ್ಮಗ ಕಕ್ಕಾಬಿಕ್ಕಿ. ಮನೆಯಲ್ಲಾದರೆ ಇದು ನಗೆಯಲ್ಲಿ ಮುಗಿಯುತ್ತದೆ.

ಶಾಲೆಯಲ್ಲಿ ಹಾಗೆ ಮುಗಿಯುವುದಿಲ್ಲ. ಚಿತ್ರ ನೋಡಿ ಹೆಸರು ಬರೆಯಿರಿ ಎಂದಾಗ ಮಗು ‘ಚಾವಿ’ ಎಂದು ಬರೆಯುತ್ತದೆ. ಪುಸ್ತಕದಲ್ಲಿರುವುದು ‘ಬೀಗದ ಕೈ’. ಕೆಂಪು ಶಾಯಿಯ ಗೀಟು ಬೀಳುತ್ತದೆ. ಮನೆಗೆ ಬಂದರೆ ತಂದೆಯೂ, ‘ಇಷ್ಟು ಗೊತ್ತಾಗೋದಿಲ್ಲೇನು?’ ಎನ್ನುತ್ತಾನೆ. ಆ ತಂದೆಯೇ ಬೆಳಿಗ್ಗೆ ‘ಚಾವಿ ಎಲ್ಲದ?’ ಎಂದು ಕೂಗಿದ್ದವನು. ಇಲ್ಲಿ ಮಗು ಕಲಿತದ್ದೇನು? ತನ್ನ ತಾಯಿ ಆಡುವ ಮಾತು ತಪ್ಪು ಎಂದು ಕಲಿಯಿತು. ಹೀಗೆ ಎರಡು ಸಲ, ಮೂರು ಸಲ ಆದರೆ ಮಗು ಬಾಯಿ ತೆರೆಯುವುದನ್ನೇ ಬಿಡುತ್ತದೆ. ಕನ್ನಡದ ತಾಸಿನಲ್ಲಿ ಬಾಯಿ ಮುಚ್ಚಿದ ಹುಡುಗ ವಿಜ್ಞಾನದ ತಾಸಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳುತ್ತಾನೆಯೆ? ಪುಸ್ತಕದ ಮಾತನ್ನು ಕಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಪರೀಕ್ಷೆ ಬರೆಯುವುದು ಅದರಲ್ಲಿಯೇ. ಆದರೆ ಪುಸ್ತಕದ ಮಾತನ್ನು ಮನೆಯ ಮಾತಿನ ಪಕ್ಕದಲ್ಲಿ ಕೂರಿಸಬೇಕೇ ಹೊರತು ಅದರ ತಲೆಯ ಮೇಲಲ್ಲ.

ಕನ್ನಡದೊಳಗೇ ಹಲವು ಕನ್ನಡಗಳಿವೆ ಎಂಬುದು ಹೊಸ ಸಂಗತಿಯೂ ಅಲ್ಲ. ಅದನ್ನು ಮೊದಲು ಬರೆದಿಟ್ಟ ಜಾಗ ಸೇಡಂ ತಾಲ್ಲೂಕಿನಲ್ಲಿಯೇ ಇದೆ. ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದಾಗ, ಸುಮಾರು ಕ್ರಿ.ಶ. 850ರಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರಚನೆಯಾಯಿತು. ದೇಸಿ ಬೇರೆ ಬೇರೆಯಾಗಿರುವುದರಿಂದ ಕನ್ನಡಗಳ ದೋಷ ಇಷ್ಟೇ ಎಂದು ಎಣಿಸಹೊರಟರೆ ವಾಸುಕಿಗೂ ಬೇಸರ ಬಂದೀತು ಎಂಬ ಅರ್ಥದ ಮಾತು ಅದರಲ್ಲಿದೆ. ಕನ್ನಡಕ್ಕೆ ಒಂದು ದಾರಿ ಹಾಕಿಕೊಡಲು ಹೊರಟ ಗ್ರಂಥವೇ ಹೀಗೆ ಕೈಚೆಲ್ಲಿದೆ. ಹಾಗಿರುವಾಗ ಆ ಮಗುವಿನ ‘ಚಾವಿ’ಯ ಮೇಲೆ ಅಷ್ಟು ಸಿಟ್ಟೇಕೆ?

ಮತ್ತೆ ಕೈ, ಕಿವಿಗಳಿಗೆ ಬರೋಣ. ಕನ್ನಡದ ಕಿವಿ ತೆಲುಗಿನಲ್ಲಿ ಚೆವಿ, ತಮಿಳಿನಲ್ಲಿಯೂ ಸೆವಿ. ಇದು ಉಚ್ಚಾರ ಕೆಟ್ಟು ಆದದ್ದಲ್ಲ. ಕನ್ನಡದ ಕೆರೆಗೆ ತೆಲುಗಿನಲ್ಲಿ ಏನೆನ್ನುತ್ತಾರೆ? ಚೆರುವು. ಕೆಡು ಎಂಬುದಕ್ಕೆ? ಚೆಡು. ಹಳಗನ್ನಡದಲ್ಲಿ ಕೈಗೆ ‘ಕೆಯ್’ ಎನ್ನುತ್ತಿದ್ದರು. ತೆಲುಗಿನಲ್ಲಿ ಅದು ಚೆಯ್ಯಿ. ಇ, ಎ ಸ್ವರಗಳು ಎದುರಿಗೆ ಬಂದಾಗ ಹಳೆಯ ‘ಕ’ ತೆಲುಗಿನಲ್ಲಿ ‘ಚ’ ಆಗಿದೆ. ಕನ್ನಡ ಮಾತ್ರ ‘ಕ’ವನ್ನೇ ಹಿಡಿದುಕೊಂಡಿದೆ. ನೀರು ಇಳಿಜಾರಿಗೆ ಹರಿಯುವಂತೆ ಶಬ್ದಗಳೂ ನಿಯಮಕ್ಕೆ ಒಳಪಟ್ಟು ಹರಿಯುತ್ತವೆ.

ಕಾರಣ ಬೇಕೆ? ಪ್ರಯೋಗಶಾಲೆ ಬಾಯಿಯಲ್ಲಿಯೇ ಇದೆ. ಮೊದಲು ‘ಕು’ ಎನ್ನಿ, ಅನಂತರ ‘ಕಿ’ ಎನ್ನಿ. ನಾಲಿಗೆ ಅಂಗುಳಕ್ಕೆ ತಾಗುವ ಜಾಗವನ್ನು ಗಮನಿಸಿ. ‘ಕು’ ಎನ್ನುವಾಗ ಹಿಂದೆ ತಾಗುತ್ತದೆ, ‘ಕಿ’ ಎನ್ನುವಾಗ ಮುಂದಕ್ಕೆ ಸರಿಯುತ್ತದೆ. ಇನ್ನೂ ಸ್ವಲ್ಪ ಮುಂದೆ ಸರಿದರೆ ‘ಚಿ’ಯ ಮನೆ. ತಲೆಮಾರುಗಳ ಕಾಲ ಹೀಗೆ ಸರಿಯುತ್ತ ಹೋದ ನಾಲಿಗೆ ಒಂದು ದಿನ ಅಲ್ಲಿಯೇ ಮನೆ ಮಾಡಿಬಿಟ್ಟಿತು. ಹಾಗಾದರೆ ಕನ್ನಡದ ಕಿಟಕಿ ತೆಲುಗಿನಲ್ಲಿ ‘ಚಿಟಕಿ’ ಏಕಾಗಲಿಲ್ಲ ಎಂದು ಜಾಣ ಮಕ್ಕಳು ಕೇಳಬಹುದು. ಕೇಳಬೇಕು. ತೆಲುಗಿನಲ್ಲಿಯೂ ಅದು ಕಿಟಿಕೀ. ಅದು ಹಿಂದಿಯ ಕಡೆಯಿಂದ ಬಂದ ಮಾತು. ಬರುವಷ್ಟರಲ್ಲಿ ‘ಕ’ವನ್ನು ‘ಚ’ ಮಾಡುವ ಕಾನೂನು ಜಾರಿಯಲ್ಲಿರಲಿಲ್ಲ. ತಡವಾಗಿ ಬಂದವರು ಉಳಿದುಕೊಂಡರು!

‘ಚಾವಿ’ಯ ಕಥೆ ಇನ್ನೂ ದೂರದ್ದು. ಅದು ಪೋರ್ಚುಗೀಸ್ ಮಾತು. 1510ರಲ್ಲಿ ಗೋವಾ ಹಿಡಿದವರು ತಮ್ಮ ಪೆಟ್ಟಿಗೆಗಳ ಜೊತೆ ಅವುಗಳ ಚಾವಿಗಳನ್ನೂ ತಂದರು. ವಸ್ತುವಿನ ಬೆನ್ನು ಹತ್ತಿ ಹೆಸರೂ ಬಂತು. ಕೊಂಕಣಿಯಲ್ಲಿ, ಗುಜರಾತಿಯಲ್ಲಿ ಚಾವಿ, ಹಿಂದಿ ಉರ್ದುಗಳಲ್ಲಿ ಚಾಬಿ, ತಮಿಳಿನಲ್ಲಿ ಸಾವಿ. ಬಾಲ್ದಿ, ಇಸ್ತ್ರಿ, ಅಲಮಾರು, ತಿಂಗಳ ಕೊನೆಗೆ ಎಲ್ಲರೂ ಕಾಯುವ ಪಗಾರ, ಇವೆಲ್ಲ ಅದೇ ಹಡಗಿನ ಸರಕು. ಈ ಚಾವಿಯ ಮೂಲ ಲ್ಯಾಟಿನ್ನಿನ ‘ಕ್ಲಾವಿಸ್’. ಅಲ್ಲಿಯೂ ಒಂದು ನಿಯಮ ಕೆಲಸ ಮಾಡಿದೆ. ಪದದ ಮೊದಲಿಗೆ ಬರುವ ಲ್ಯಾಟಿನ್ನಿನ ‘ಕ್ಲ’, ‘ಪ್ಲ’, ‘ಫ್ಲ’ಗಳು ಎಷ್ಟೋ ಪೋರ್ಚುಗೀಸ್ ಮಾತುಗಳಲ್ಲಿ ‘ಚ’ ಆದವು. ಮಳೆಯ ‘ಪ್ಲುವಿಯಾ’ ಚುವಾ ಆಯಿತು, ಜ್ವಾಲೆಯ ‘ಫ್ಲಾಮ್ಮಾ’ ಚಾಮಾ ಆಯಿತು. ಮುಂದೆ ಲಿಸ್ಬನ್ನಿನವರ ನಾಲಿಗೆ ಮತ್ತೂ ಬದಲಾಗಿ ಇಂದು ಅವರು ಇವುಗಳನ್ನೆಲ್ಲ ‘ಶ’ಕಾರದಿಂದ ಹೇಳುತ್ತಾರೆ, ಅವರ ಚಾವಿ ಈಗ ‘ಶಾವ್’. ಹದಿನಾರನೆಯ ಶತಮಾನದ ‘ಚ’ ಶಹಾಬಾದದ ಅಡುಗೆಮನೆಯಲ್ಲಿ ಕೆಡದೆ ಉಳಿದಿದೆ. ಕೆಂಪು ಗೀಟು ಹಾಕಿಸಿಕೊಂಡ ಮಾತು ಇದೇ ಎಂಬುದನ್ನು ಓದುಗರು ಮರೆತಿರಲಾರರು.

ತೆಲುಗಿನ ಚೆವಿಯೂ ಈ ಚಾವಿಯೇ ಇರಬಹುದು, ಕೇಳಿದವರು ಅದಕ್ಕೆ ತಮ್ಮ ‘ಕಿವಿ’ಯನ್ನು ಅಂಟಿಸಿಕೊಂಡರು ಎಂಬ ಅಭಿಪ್ರಾಯವೂ ಉಂಟು. ಪರಕೀಯ ಮಾತಿಗೆ ಮನೆಯ ಅಂಗಿ ತೊಡಿಸುವುದು ಎಲ್ಲ ಭಾಷೆಯವರ ಅಭ್ಯಾಸ. ಆದರೆ ಸದ್ದು ಹೋಲಿದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟಲೂ ಬಾರದು. ಕನ್ನಡದ ಬೀಗದ ‘ಕೈ’ಗೂ ಇಂಗ್ಲಿಷಿನ ‘ಕೀ’ಗೂ ಏನೇನೂ ಸಂಬಂಧವಿಲ್ಲ. ಬೀಗಕ್ಕೂ ಬೀಗರಿಗೂ ಇರುವಷ್ಟೇ!

ಮರಾಠಿಯ ಕುಲೂಪ ಅರಬ್ಬಿಯ ‘ಕುಫ್ಲ್’ನಿಂದ ಬಂದದ್ದು. ಅಕ್ಷರಗಳು ಜಾಗ ಅದಲು ಬದಲು ಮಾಡಿಕೊಂಡಿವೆ. ವಾಡಿ ಜಂಕ್ಷನ್ನಿನಲ್ಲಿ ಸಿಗ್ನಲ್ ‘ಸಿಂಗಲ್’ ಆಗುವುದಿಲ್ಲವೆ? ಅದೇ ರೀತಿ. ಬೇಸಿಗೆಯಲ್ಲಿ ಮಕ್ಕಳು ಚೀಪುವ ಕುಲ್ಫಿಗೂ ಇದೇ ಮಾತು ಮೂಲ. ಮುಚ್ಚಳ ಬಿಗಿದು ಬೀಗ ಹಾಕಿದಂತೆ ಮುಚ್ಚಿದ ಡಬ್ಬಿಯಲ್ಲಿ ಹೆಪ್ಪುಗಟ್ಟಿಸುವುದರಿಂದ ಆ ಹೆಸರು.

ಇನ್ನು, ಕನ್ನಡಿಗರಿಗೆ ಇದು ಕೈಯಾಗಿ ಏಕೆ ಕಂಡಿತು? ಬೀಗದ ಒಳಗನ್ನು ನೋಡಿದರೆ ಸೋಜಿಗವೆನಿಸದು. ಪುರಾತನ ಈಜಿಪ್ಟಿನ ಮರದ ಬೀಗಗಳಲ್ಲಿ ಅಗುಳಿಯ ತೂತುಗಳೊಳಗೆ ಮೇಲಿನಿಂದ ಸಣ್ಣ ಗೂಟಗಳು ತಮ್ಮ ಭಾರದಿಂದಲೇ ಬಿದ್ದು ಕೂರುತ್ತಿದ್ದವು. ಹಲ್ಲುಗಳಿರುವ ಮರದ ಪಟ್ಟಿಯನ್ನು ಒಳಗೆ ತೂರಿಸಿ ಎತ್ತಿದರೆ ಗೂಟಗಳೆಲ್ಲ ಮೇಲೇರಿ ಅಗುಳಿ ಸರಿಯುತ್ತಿತ್ತು. ಕೈಯ ಕೆಲಸವೇ ಅಲ್ಲವೆ ಅದು? 1860ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ಕಿರಿಯ ಇದೇ ತತ್ವವನ್ನು ಚಿಕ್ಕದು ಮಾಡಿ, ಗುರುತ್ವಾಕರ್ಷಣೆಯ ಜಾಗದಲ್ಲಿ ಸ್ಪ್ರಿಂಗು ಕೂರಿಸಿದ. ಇಂದಿನ ಬಾಗಿಲುಗಳಲ್ಲಿ ಕಾಣುವ ಚಪ್ಪಟೆ, ಗರಗಸದಂಚಿನ ಚಾವಿ ಆ ವಂಶದ್ದು. ಭಾರತದಲ್ಲಿ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬೈಯಲ್ಲಿ ಬೀಗದ ಕಾರ್ಖಾನೆ ತೆರೆದರು.

ಮಲಯಾಳಿಗಳಿಗೆ ಅದು ‘ತಾಕ್ಕೋಲ್’, ಅಗುಳಿಯ ಕೋಲು. ಉದ್ದನೆಯ ಕಬ್ಬಿಣದ ಕೋಲಿನಿಂದ ಬಾಗಿಲು ತೆಗೆಯುತ್ತಿದ್ದ ಕಾಲ ಆ ಮಾತಿನಲ್ಲಿ ಕುಳಿತಿದೆ. ತಮಿಳಿನ ‘ತಿರವುಕೋಲ್’ ತೆರೆಯುವ ಕೋಲು. ಅರಬ್ಬಿಯ ‘ಮಿಫ್ತಾಹ್’ ಕೂಡ ತೆರೆಯುವುದು ಎಂಬ ಧಾತುವಿನಿಂದಲೇ ಆದದ್ದು. ಜರ್ಮನರ ‘ಶ್ಲುಸೆಲ್’ ಮಾತ್ರ ಮುಚ್ಚುವುದು ಎಂಬ ಧಾತುವಿನದು! ಅದೇ ಸಾಧನದಿಂದ ಒಬ್ಬರು ತೆರೆಯುತ್ತಾರೆ, ಇನ್ನೊಬ್ಬರು ಮುಚ್ಚುತ್ತಾರೆ. ಪಿಯುಸಿ ಜೀವಶಾಸ್ತ್ರದಲ್ಲಿ ಕಿಣ್ವಗಳ ಬಗ್ಗೆ ಓದುವವರಿಗೆ ಬೀಗ ಮತ್ತು ಕೀಲಿಕೈ ಮಾದರಿ ಎದುರಾಗುತ್ತದೆ. ಅದನ್ನು ಜರ್ಮನಿಯ ಎಮಿಲ್ ಫಿಷರ್ ಹೇಳಿದ್ದು 1894ರಲ್ಲಿ. ಅದೇ ವರ್ಷ ಮಂಗಳೂರಿನಲ್ಲಿ ಇನ್ನೊಬ್ಬ ಜರ್ಮನ್, ಕಿಟೆಲ್, ತಮ್ಮ ಕನ್ನಡ ನಿಘಂಟನ್ನು ಹೊರತಂದರು.

ಕೀಲಿ ಎಂಬುದಕ್ಕೆ ಕೀಲು ಮೂಲ. ಸಂಸ್ಕೃತದಲ್ಲಿ ಕೀಲ ಎಂದರೆ ಗೂಟ, ಬೆಣೆ. ಇದಕ್ಕೊಂದು ಸಾಕ್ಷಿ ವಾಡಿಯ ಹಳಿಗಳ ಮೇಲೆ ದಿನವೂ ನಡೆದುಹೋಗುತ್ತದೆ. ಹೆಗಲ ಮೇಲೆ ಸುತ್ತಿಗೆ ಇಟ್ಟುಕೊಂಡು, ಹಳಿಯನ್ನು ನೋಡುತ್ತ ಹೋಗುವ ರೈಲ್ವೆ ನೌಕರನಿಗೆ ‘ಕೀಮ್ಯಾನ್’ ಎನ್ನುತ್ತಾರೆ; ಹಿಂದಿಯವರು ಅದನ್ನು ‘ಚಾಬಿವಾಲಾ’ ಮಾಡಿದ್ದಾರೆ. ಅವನ ಹತ್ತಿರ ಯಾವ ಬಾಗಿಲಿನ ಚಾವಿಯೂ ಇಲ್ಲ. ಹಳಿಯನ್ನು ಅದರ ಜಾಗದಲ್ಲಿ ಬಿಗಿಹಿಡಿಯಲು ಬಡಿಯುವ ಬೆಣೆಗೆ ಇಂಗ್ಲಿಷಿನಲ್ಲಿ ‘ಕೀ’ ಎಂದು ಹೆಸರು. ಈಗ ಬಹುಪಾಲು ಹಳಿಗಳಿಗೆ ಬೆಣೆಯ ಬದಲು ಸ್ಪ್ರಿಂಗಿನಂಥ ಕ್ಲಿಪ್ಪು ಬಂದಿದೆ. ಕೆಲಸದ ಹೆಸರು ಹಾಗೆಯೇ ಉಳಿದಿದೆ. ಗೂಟದಿಂದ ಹೊರಟ ಕನ್ನಡದ ಕೀಲಿ ಬೀಗವಾಯಿತು. ಇಂಗ್ಲಿಷಿನ ಚಾವಿಯೋ ಹಳಿಯ ಮೇಲೆ ಬೆಣೆಯಾಯಿತು. ಗಣಕಯಂತ್ರ ಬಂದಾಗ ಕನ್ನಡಿಗರು ‘ಕೀಲಿಮಣೆ’ ಎಂದರು, ಹಿಂದಿಯವರು ‘ಕುಂಜಿಪಟಲ’ ಎಂದರು. ಅದರಿಂದ ಯಾವ ಬಾಗಿಲೂ ತೆರೆಯುವುದಿಲ್ಲ ಎಂದು ಯಾರೂ ತಕರಾರು ಮಾಡಲಿಲ್ಲ.

ರಜೆಯಲ್ಲಿ ಮಕ್ಕಳಿಗೆ ಒಂದು ಕೆಲಸ. ಒಂದು ನೋಟುಬುಕ್ಕು ಸಾಕು. ಎಡಕ್ಕೆ ಮನೆಯ ಹತ್ತು ವಸ್ತುಗಳ ಹೆಸರು ಬರೆಯಿರಿ: ಬಕೆಟ್, ಕಿಟಕಿ, ಕೊಡೆ, ಪೊರಕೆ, ಚಮಚ, ಹೀಗೆ. ಬಲಕ್ಕೆ ಓಣಿಯ ಒಂದೊಂದು ಮನೆಗೂ ಒಂದೊಂದು ಗೆರೆ ಎಳೆಯಿರಿ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯಬೇಕು, ತಿದ್ದಬಾರದು. ತಾಪಮಾಪಕದಲ್ಲಿ ಕಂಡ ಅಂಕಿಯನ್ನು ಯಾರಾದರೂ ತಿದ್ದುತ್ತಾರೆಯೆ? ಚಿಂಚೋಳಿ ಕಡೆಯ ತಾಂಡಾಗಳ ಮಕ್ಕಳು ತಮ್ಮ ಮನೆಯ ಲಂಬಾಣಿ ಮಾತುಗಳಿಗೆ ಮೊದಲ ಗೆರೆಯನ್ನೇ ಕೊಡಲಿ. ಹಿರಿಯರು ‘ಈ ಮಾತು ಎಲ್ಲಿಂದ ಬಂತೋ ಯಾರಿಗೆ ಗೊತ್ತು’ ಎಂದರೆ, ಗ್ರಂಥಾಲಯದಲ್ಲಿ ಕನ್ನಡಕ್ಕೆ ಕಿಟೆಲ್, ತೆಲುಗಿಗೆ 1852ರ ಬ್ರೌನ್ ನಿಘಂಟು ಕೇಳಿ ನೋಡಬಹುದು. ಎಲ್ಲಿಂದ ಆರಂಭಿಸಬೇಕು ಎಂದು ತೋಚದವರು ಬಾಗಿಲ ಚಿಲಕದಿಂದ ಆರಂಭಿಸಲಿ. ಕನ್ನಡದಲ್ಲಿ ಅದು ರಾತ್ರಿ ಬಾಗಿಲು ಕಾಯುತ್ತದೆ. ಗಡಿ ದಾಟಿ ಒಂದು ಉಕಾರ ಸೇರಿಸಿಕೊಂಡು ‘ಚಿಲುಕ’ ಆದರೆ ಗಿಣಿಯಾಗಿ ಮರದ ಮೇಲೆ ಕುಳಿತಿರುತ್ತದೆ.